ಗೋವಾ ಪುಡಿಯಿಂದ ನ್ಯಾನೋ ಜೆಲ್‌ವರೆಗೆ: ಸೋರಿಯಾಸಿಸ್‌ನ ಹಳೇ ಮದ್ದಿನ ಕಥೆ

ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಡಿತ್ರನಾಲ್ ಒಳ್ಳೆ ಮದ್ದು. ಆದರೆ ಅದನ್ನು ಹಚ್ಚಿಕೊಂಡು ಬಾಳುವುದೇ ಕಷ್ಟ. ಸ್ವಲ್ಪ ಪಕ್ಕಕ್ಕೆ ಹರಡಿದರೂ ಚೆನ್ನಾಗಿರುವ ಚರ್ಮ ಕೆಂಪಾಗಿ ಉರಿಯುತ್ತದೆ. ಬನಿಯನ್, ಹಾಸಿಗೆ, ಬಚ್ಚಲಿನ ಟೈಲ್ಸ್‌ಗೆಲ್ಲ ಕಂದು-ನೇರಳೆ ಕಲೆ. ಎಷ್ಟು ಉಜ್ಜಿದರೂ ಹೋಗಲ್ಲ.

ಇದರ ಮೂಲ ಬ್ರೆಜಿಲ್‌ನ ಅರರೋಬಾ ಮರ. ಅದರ ಕಾಂಡದೊಳಗೆ ಸಿಗುವ ಪುಡಿಯನ್ನು ಪೋರ್ಚುಗೀಸರು ಗೋವಾಕ್ಕೆ ತಂದರು. ಜನ ಅದನ್ನು ಹುಳುಕಡ್ಡಿಗೆ ಹಚ್ಚುತ್ತಿದ್ದರು, ಹೆಸರೂ 'ಗೋವಾ ಪುಡಿ' ಎಂದೇ ಆಯಿತು. 1870ರ ದಶಕದಲ್ಲಿ ಲಂಡನ್ನಿನ ಚರ್ಮವೈದ್ಯ ಬಾಲ್ಮಾನೋ ಸ್ಕ್ವೈರ್ ಅದನ್ನೇ ಸೋರಿಯಾಸಿಸ್‌ಗೆ ಬಳಸಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಪುಡಿ ಸಿಗುವುದು ಕಷ್ಟವಾಯಿತು. ಆಗ ಅಲ್ಲಿನವರು ಕಾರ್ಖಾನೆಯಲ್ಲೇ ತಯಾರಿಸಿದ ಬದಲಿ ಮದ್ದೇ ಡಿತ್ರನಾಲ್. 1916ರಲ್ಲಿ ಅದು ಬಳಕೆಗೆ ಬಂತು.

ಗಾಳಿ, ಬೆಳಕು ತಾಗಿದರೆ ಡಿತ್ರನಾಲ್ ಬೇಗ ಕೆಡುತ್ತದೆ. ಕಲೆ ಮಾಡುವುದು ಹಾಗೆ ಕೆಟ್ಟ ಮದ್ದೇ. ಅದನ್ನು ಹೇಗಾದರೂ ಮುಚ್ಚಿಡಬೇಕಿತ್ತು, ಅಲ್ವಾ?

ಮುಚ್ಚಿಡುವ ದಾರಿ ಸಿಕ್ಕಿದ್ದು ಬೇರೆ ಕಡೆ. 1960ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಅಲೆಕ್ ಬ್ಯಾಂಗಮ್, ಕೆಲವು ಕೊಬ್ಬುಗಳು ನೀರಿಗೆ ಬಿದ್ದರೆ ತಾವಾಗೇ ಪುಟ್ಟ ಪೊಟ್ಟಣಗಳಾಗುವುದನ್ನು ತೋರಿಸಿದರು. ಇವೇ ಲಿಪೊಸೋಮ್. ಸುಮಾರು 100 ನ್ಯಾನೋಮೀಟರ್ ಅಗಲಕ್ಕೂ ಮಾಡಬಹುದು. ಅಂಥ ಹತ್ತು ಸಾವಿರ ಪೊಟ್ಟಣ ಸಾಲಾಗಿಟ್ಟರೆ ಒಂದು ಮಿಲಿಮೀಟರ್! 1980ರಲ್ಲಿ ಕೆನಡಾದ ಮೈಕೆಲ್ ಮೆಜೈ ತಂಡ ಇದರೊಳಗೆ ಸ್ಟೀರಾಯ್ಡ್ ತುಂಬಿ ಮೊಲದ ಚರ್ಮಕ್ಕೆ ಹಚ್ಚಿತು. ಮಾಮೂಲಿ ಮುಲಾಮಿಗಿಂತ ಮದ್ದು ಚರ್ಮದಲ್ಲೇ ಜಾಸ್ತಿ ಉಳಿಯಿತು. 1986ಕ್ಕೆ ಡಿಯೋರ್ ಕಂಪನಿ ಲಿಪೊಸೋಮ್ ಫೇಸ್ ಕ್ರೀಮನ್ನೇ ಮಾರಿತು. ಸೌಂದರ್ಯದ ವ್ಯಾಪಾರಕ್ಕೆ ಯಾವಾಗಲೂ ಅವಸರ.

ಡಿತ್ರನಾಲ್‌ಗೆ ಈ ಪೊಟ್ಟಣ ತೊಡಿಸಿ ಜೆಲ್ ಮಾಡಿದವರಲ್ಲಿ ಚಂಡೀಗಢದ ಸಂಶೋಧಕರೂ ಇದ್ದರು. ರೋಗಿಗಳಿಗೆ ಹಚ್ಚಿ ನೋಡಿದ ಆರಂಭಿಕ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಕೊಬ್ಬಿನೊಳಗಿದ್ದ ಮದ್ದು ಗಾಳಿಗೆ ಅಷ್ಟು ಬೇಗ ಕೆಡಲಿಲ್ಲ. ಉರಿ ಕಡಿಮೆಯಾಯಿತು, ಬಟ್ಟೆಗೆ ಕಲೆಯೂ ಕಡಿಮೆ.

'ನ್ಯಾನೋ' ಅಂದ ತಕ್ಷಣ ಚರ್ಮ ತೂರಿಕೊಂಡು ಒಳಗೆ ಹೋಗುತ್ತದೆ ಎಂದು ಜಾಹೀರಾತುಗಳು ಸುಮ್ನೆ ಹೇಳುತ್ತವೆ. ಸಾಮಾನ್ಯ ಲಿಪೊಸೋಮ್‌ಗಳಲ್ಲಿ ಹೆಚ್ಚಿನವು ಇಡಿಯಾಗಿ ಒಳಗೆ ಇಳಿಯುವುದಿಲ್ಲ. ಮೇಲ್ಪದರದ ಕೊಬ್ಬಿನ ಜೊತೆ ಬೆರೆತು ಅಲ್ಲೇ ನಿಂತು, ಮದ್ದನ್ನು ನಿಧಾನವಾಗಿ ಬಿಡುತ್ತವೆ. ಸೋರಿಯಾಸಿಸ್‌ಗೆ ಬೇಕಿರುವುದೂ ಅದೇ. ಹಚ್ಚಿದ ಮದ್ದು ರಕ್ತಕ್ಕೆ ಹೋಗಿ ಏನಾಗಬೇಕು?