ಅಮಲು ಇಳಿದ ಮೇಲೂ ಉಳಿಯುವ ಗುರುತು

ರಾತ್ರಿ ರಸ್ತೆಯಲ್ಲಿ ಪೊಲೀಸರು ಊದಿಸುವ ಮೆಷಿನ್‌ಗೆ ಗೊತ್ತಾಗುವುದು ಒಂದೇ ವಿಷಯ: ಈಗ ಮೈಯಲ್ಲಿ ಮದ್ಯ ಇದೆಯಾ, ಇಲ್ವಾ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ಆದರೆ ಕೋರ್ಟಿನಲ್ಲಿ ಏಳುವ ಪ್ರಶ್ನೆಗಳು ಬೇರೆ. ಯಾವಾಗ ಕುಡಿದ? ಸತ್ತವನ ರಕ್ತದಲ್ಲಿ ಸಿಕ್ಕಿದ್ದು ಅವನು ಕುಡಿದದ್ದೇನಾ?

ಮದ್ಯ ಅಳೆಯಲು ಕಲಿತ ಕಥೆ ಚಿಕ್ಕದು. 1922ರಲ್ಲಿ ಸ್ವೀಡನ್ನಿನ ಎರಿಕ್ ವಿಡ್ಮಾರ್ಕ್ ಕೆಲವೇ ಹನಿ ರಕ್ತದಲ್ಲಿ ಮದ್ಯ ಅಳೆಯುವುದನ್ನು ತೋರಿಸಿದರು, 1936ರಲ್ಲಿ ನಾರ್ವೆ ಅದಕ್ಕೊಂದು ಮಿತಿಯ ಕಾನೂನು ತಂದಿತು, 1954ರಲ್ಲಿ ಅಮೆರಿಕದಲ್ಲಿ ಬ್ರೀತಲೈಸರ್ ಬಂತು.

ತೊಡಕು ಏನೆಂದರೆ, ಮದ್ಯ ಮೈಯಲ್ಲಿ ನಿಲ್ಲುವುದಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಇಳಿಯುತ್ತದೆ. ಇನ್ನೊಂದು ಕಡೆ, ಕುಡಿಯದವರ ಶವದಲ್ಲೂ ಅದು ಹುಟ್ಟಬಹುದು. ಕೊಳೆಯುವಾಗ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಮದ್ಯವಾಗಿಸುತ್ತವೆ. 1975ರ ಫೆಬ್ರುವರಿಯಲ್ಲಿ ಲಂಡನ್ನಿನ ಮೂರ್ಗೇಟ್ ಸುರಂಗ ರೈಲು ಅಪಘಾತದಲ್ಲಿ 43 ಜನ ಸತ್ತರು. ಚಾಲಕನ ಶವ ಹೊರಗೆ ಬರುವಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು. ಪರೀಕ್ಷೆಯಲ್ಲಿ ಮದ್ಯ ಸಿಕ್ಕಿತು. ಅದು ಕುಡಿದದ್ದೋ, ಸುರಂಗದ ಸೆಕೆಯಲ್ಲಿ ಶವದೊಳಗೇ ಹುಟ್ಟಿದ್ದೋ ಅಂತ ತಜ್ಞರು ಒಮ್ಮತಕ್ಕೆ ಬರಲಿಲ್ಲ. ಸತ್ತವನ ಮನೆಯವರಿಗೆ ಇದು ಎಂಥ ಭಾರ, ಯೋಚಿಸಿ.

ಇಲ್ಲಿ ಕೈ ಹಿಡಿದದ್ದು ಈಥೈಲ್ ಗ್ಲುಕುರೊನೈಡ್, ಲ್ಯಾಬ್‌ನವರ ಬಾಯಲ್ಲಿ ಇಟಿಜಿ. ಕುಡಿದ ಮದ್ಯದಲ್ಲಿ ಶೇ 0.1ಕ್ಕಿಂತ ಕಡಿಮೆ ಪಾಲನ್ನು ಲಿವರ್ ಹೀಗೆ ಬದಲಿಸಿ ಮೂತ್ರಕ್ಕೆ ಕಳಿಸುತ್ತದೆ; ಶವದಲ್ಲಿ ತಾನಾಗಿ ಹುಟ್ಟಿದ ಮದ್ಯದ ಜೊತೆ ಇದು ಸಾಮಾನ್ಯವಾಗಿ ಇರುವುದಿಲ್ಲ. 1952ರಲ್ಲೇ ಮೊಲದ ಮೂತ್ರದಲ್ಲಿ ಸಿಕ್ಕಿದ್ದರೂ, 1990ರ ದಶಕದಲ್ಲಿ ಜರ್ಮನಿಯ ಸಂಶೋಧಕರು ಕೈಗೆತ್ತಿಕೊಳ್ಳುವವರೆಗೆ ಅದರ ಕಡೆ ಹೆಚ್ಚು ಗಮನ ಹೋಗಿರಲಿಲ್ಲ. ಆಮೇಲೆ ಯುರೋಪಿನಲ್ಲಿ ಇದರ ಮೇಲೆ ಪಿಎಚ್‌ಡಿಗಳೇ ಬಂದವು.

ನಾರ್ವೆಯಲ್ಲಿ ನಡೆದ ಕೆಲಸ ನನಗೆ ತುಂಬಾ ಇಷ್ಟ. ಅಪಘಾತ ಮಾಡಿದವನು, 'ಗಾಡಿ ಓಡಿಸುವಾಗ ಕುಡಿದಿರಲಿಲ್ಲ, ಮನೆಗೆ ಬಂದು ಗಾಬರಿಗೆ ಕುಡಿದೆ' ಅನ್ನುತ್ತಾನೆ. ಸುಳ್ಳೋ ನಿಜವೋ? ರಕ್ತದಲ್ಲಿ ಮದ್ಯ ಬೇಗ ಏರುತ್ತದೆ, ಇಟಿಜಿ ಕೆಲವು ಗಂಟೆ ತಡವಾಗಿ. ಮದ್ಯ ಜಾಸ್ತಿ, ಇಟಿಜಿ ಕಡಿಮೆ ಇದ್ದರೆ ಈಗಷ್ಟೇ ಕುಡಿದಿರಬಹುದು. ಮದ್ಯ ಇಳಿಯುತ್ತಿದ್ದು ಇಟಿಜಿ ಜೋರಾಗಿದ್ದರೆ ಅವನ ಮಾತು ನಿಲ್ಲುವುದು ಕಷ್ಟ. ಇದು ನಿರಪರಾಧಿಯನ್ನೂ ಉಳಿಸುತ್ತದೆ, ಅದು ಮುಖ್ಯ.

ಸಕ್ಕರೆ ಕಾಯಿಲೆಯವರ ಮೂತ್ರದ ಬಾಟಲಿಯ ಕಥೆಯೂ ಆ ಶವದಂತೆಯೇ. ಅದರಲ್ಲಿ ಯೀಸ್ಟ್ ಸೇರಿ ಬೆಚ್ಚಗೆ ಇಟ್ಟರೆ ಬಾಟಲಿಯಲ್ಲೇ ಮದ್ಯ ಹುಟ್ಟುತ್ತದೆ. ಇಟಿಜಿ ಇಲ್ಲದಿದ್ದರೆ ಆ ಮದ್ಯದ ಮೇಲೆ ಅನುಮಾನ ಪಡಬೇಕು. ಆದರೆ ಮೂತ್ರದ ಸೋಂಕು ಇದ್ದರೆ ಇ. ಕೋಲಿ ಬ್ಯಾಕ್ಟೀರಿಯಾ ಇಟಿಜಿಯನ್ನೇ ತಿಂದುಹಾಕಬಲ್ಲದು. ಅದಕ್ಕೇ ಜೊತೆಗೆ, ಕುಡಿದ ಮದ್ಯದಿಂದಲೇ ಮೈಯಲ್ಲಿ ಆಗುವ ಇನ್ನೊಂದು ಗುರುತು ಈಥೈಲ್ ಸಲ್ಫೇಟನ್ನೂ ನೋಡುತ್ತಾರೆ.

ಗುರುತು ಸೂಕ್ಷ್ಮವಾದಷ್ಟೂ ತೊಂದರೆ ಬೇರೆ ಥರ. ಹ್ಯಾಂಡ್ ಸ್ಯಾನಿಟೈಸರ್, ಮೌತ್‌ವಾಷ್ ಬಳಸಿದವರಲ್ಲೂ ಇಟಿಜಿ ಸಿಕ್ಕಿತು. ಕೆಲಸ ಉಳಿಸಿಕೊಳ್ಳಲು ಮೂತ್ರ ಪರೀಕ್ಷೆಗೆ ಒಳಪಟ್ಟಿದ್ದ ಅಮೆರಿಕದ ನರ್ಸ್‌ಗಳಿಗೆ ಇದು ಜೀವನದ ಪ್ರಶ್ನೆ. ಕಡೆಗೆ 2006ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆ ಸಾಮ್ಸಾ, ಬರೀ ಇಟಿಜಿ ನೋಡಿ ಶಿಕ್ಷೆ ಕೊಡಬೇಡಿ ಎಂದು ಎಚ್ಚರಿಸಿತು. ಇಟಿಜಿಯನ್ನು ಕೂದಲಿನಲ್ಲೂ ಅಳೆಯುತ್ತಾರೆ, ಅಲ್ಲಿ ಒಂದು ಸೆಂಟಿಮೀಟರ್ ಅಂದರೆ ಸುಮಾರು ಒಂದು ತಿಂಗಳ ಲೆಕ್ಕ. ಒಂದು ಮಿಲಿಗ್ರಾಂ ಕೂದಲಿಗೆ 30 ಪಿಕೊಗ್ರಾಂ ಇಟಿಜಿ ದಾಟಿದರೆ ವಿಪರೀತ ಕುಡಿತ ಎನ್ನುತ್ತಾರೆ. ಬ್ಲೀಚ್ ಮಾಡಿಸಿದರೆ ಅದು ತಗ್ಗುತ್ತದೆ. ಕೆಲವು ಗಿಡಮೂಲಿಕೆ ಹೇರ್ ಟಾನಿಕ್‌ಗಳಲ್ಲೇ ಇಟಿಜಿ ಇರುವುದೂ ಗೊತ್ತಾಯಿತು.

ಈಗ ಎಲ್ಲರ ಕಣ್ಣು ಪೆತ್ ಮೇಲೆ, ಅಂದರೆ ಫಾಸ್ಫಟಿಡಿಲ್ ಎಥನಾಲ್. 1980ರ ದಶಕದಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಕಂಡದ್ದು. ಮದ್ಯ ಇದ್ದರೆ ಮಾತ್ರ ಕೆಂಪು ರಕ್ತಕಣದ ಪೊರೆಯಲ್ಲಿ ಹುಟ್ಟುತ್ತದೆ, ವಾರಗಟ್ಟಲೆ ಉಳಿಯುತ್ತದೆ. ಇದೇ ಪಕ್ಕಾ ಸಾಕ್ಷಿ ಅನ್ನಿಸುತ್ತದೆ, ಅಲ್ವಾ? ಆದರೆ ಮದ್ಯವಿರುವ ರಕ್ತವನ್ನು ಮೈನಸ್ 20 ಡಿಗ್ರಿಯಲ್ಲಿ ಇಟ್ಟರೆ ಟ್ಯೂಬಿನೊಳಗೇ ಪೆತ್ ಹೆಚ್ಚುತ್ತದೆ. ಮೈನಸ್ 80ರಲ್ಲಿ ಹೆಚ್ಚುವುದಿಲ್ಲ. ಸ್ಯಾಂಪಲ್ ಯಾವ ಫ್ರೀಜರಿನಲ್ಲಿ, ಎಷ್ಟು ದಿನ ಇತ್ತು ಅನ್ನುವ ಒಂದು ಸಾಲು ರಿಪೋರ್ಟಿನಲ್ಲಿ, ಅಂಕಿಯ ಪಕ್ಕದಲ್ಲೇ ಇರಬೇಕು.