ಮಗಳ ಕೌನ್ಸೆಲಿಂಗ್ ಖರ್ಚು ಇನ್ಶೂರೆನ್ಸ್‌ನಲ್ಲಿ ಬರುತ್ತಾ?

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ, ಡಿಗ್ರಿ ಓದುತ್ತಿದ್ದಾಳೆ. ಆರು ತಿಂಗಳಿಂದ ವಿಪರೀತ ಆತಂಕ, ರಾತ್ರಿ ನಿದ್ದೆ ಇಲ್ಲ. ಮನೋವೈದ್ಯರು ಮಾತ್ರೆ ಕೊಟ್ಟಿದ್ದಾರೆ. ವಾರಕ್ಕೊಮ್ಮೆ ಕೌನ್ಸೆಲಿಂಗ್‌ಗೂ ಹೋಗುತ್ತಾಳೆ. ಮನೆಯವರೆಲ್ಲರಿಗೂ ಸೇರಿ ಒಂದು ಹೆಲ್ತ್ ಪಾಲಿಸಿ ಇದೆ. ಈ ಖರ್ಚು ಅದರಲ್ಲಿ ಬರುತ್ತಾ?

ಉತ್ತರ: ಮೊದಲಿಗೆ, ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೀರಲ್ಲ, ಅದು ದೊಡ್ಡ ವಿಷಯ. "ಓದಿನ ಟೆನ್ಷನ್, ತಾನಾಗೇ ಸರಿಹೋಗುತ್ತೆ" ಎಂದು ವರ್ಷಗಟ್ಟಲೆ ತಳ್ಳುವ ಮನೆಗಳೇ ಜಾಸ್ತಿ.

ಈಗ ನಿಮ್ಮ ಪ್ರಶ್ನೆ. ಅವಳನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಪಾಲಿಸಿಯಿಂದ ಹಣ ಸಿಗಬೇಕು. ಈಗ ನಡೆಯುತ್ತಿರುವ ಹಾಗೆ ಹೋಗಿ ಬಂದು ಮಾಡುವ ಚಿಕಿತ್ಸೆಗೆ ಹೆಚ್ಚಿನ ಪಾಲಿಸಿಗಳಲ್ಲಿ ಸಿಗುವುದಿಲ್ಲ. ಓದಿ ಬೇಸರವಾಗಬಹುದು. ಆದರೆ ಯಾಕೆ ಹೀಗೆ ಎಂದು ತಿಳಿದುಕೊಂಡರೆ ಮುಂದಿನ ದಾರಿ ಸಿಗುತ್ತದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ದೇಹದ ಕಾಯಿಲೆಗೆ ಯಾವ ರೀತಿ ವಿಮೆ ಕೊಡುತ್ತೀರೋ ಮನಸ್ಸಿನ ಕಾಯಿಲೆಗೂ ಅದೇ ರೀತಿ ಕೊಡಬೇಕು ಎಂದು ಅದರ 21ನೇ ಸೆಕ್ಷನ್ ಹೇಳುತ್ತದೆ. ಅದಾದ ಮೇಲೂ ಕಂಪನಿಗಳು ನೆಪ ಹೇಳುತ್ತಲೇ ಇದ್ದವು. 2021ರಲ್ಲಿ ದೆಹಲಿ ಹೈಕೋರ್ಟ್, ಮಾನಸಿಕ ಕಾಯಿಲೆ ಎಂಬ ಕಾರಣಕ್ಕೆ ಕ್ಲೇಮ್ ತಳ್ಳಿಹಾಕಿದ್ದು ತಪ್ಪು ಎಂದು ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 2022ರ ಅಕ್ಟೋಬರ್‌ನಲ್ಲಿ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಮತ್ತೆ ಸುತ್ತೋಲೆ ಹೊರಡಿಸಿ, ಆ ತಿಂಗಳ 31ರೊಳಗೆ ಎಲ್ಲ ಪಾಲಿಸಿಗಳಲ್ಲೂ ಮಾನಸಿಕ ಕಾಯಿಲೆ ಸೇರಿರಬೇಕು ಎಂದಿತು. ಅಂದರೆ ಈಗ ಯಾವ ಏಜೆಂಟೂ "ಮಾನಸಿಕ ಕಾಯಿಲೆ ನಮ್ಮಲ್ಲಿ ಇಲ್ಲ" ಎಂದು ಹೇಳುವ ಹಾಗಿಲ್ಲ.

ತೊಡಕು ಇರುವುದು ಆ "ಅದೇ ರೀತಿ" ಎಂಬ ಮಾತಿನಲ್ಲೇ. ಜ್ವರ ಬಂದು ಕ್ಲಿನಿಕ್‌ಗೆ ಹೋದರೆ ಪಾಲಿಸಿ ಹಣ ಕೊಡುತ್ತದೆಯೇ? ಇಲ್ಲ ಅಲ್ವಾ. ಸಾಮಾನ್ಯವಾಗಿ ಕನಿಷ್ಠ 24 ಗಂಟೆ ಅಡ್ಮಿಟ್ ಆಗಿರಬೇಕು. ಮನಸ್ಸಿನ ಕಾಯಿಲೆಗೂ ಅದೇ ಅಳತೆ. ಆದರೆ ಹತ್ತೊಂಬತ್ತರ ಹುಡುಗಿಯ ಆತಂಕಕ್ಕೆ ಆಸ್ಪತ್ರೆ ಮಂಚ ಬೇಕಾಗುವುದು ಅಪರೂಪ. ಅವಳಿಗೆ ಬೇಕಿರುವುದು ವಾರಕ್ಕೊಂದು ಗಂಟೆ ಕೂತು ಮಾತಾಡುವುದು, ಸರಿಯಾದ ಮಾತ್ರೆ, ತಿಂಗಳುಗಟ್ಟಲೆ ತಪ್ಪದ ಚಿಕಿತ್ಸೆ. ಒಂದು ಸಲಕ್ಕೆ 1,000 ರೂಪಾಯಿ ಎಂದಿಟ್ಟುಕೊಂಡರೂ ತಿಂಗಳಿಗೆ 4,000 ಆಯಿತು, ಮಾತ್ರೆ ಬೇರೆ. ಹಣ ಸಾಲದೆ ಅಪ್ಪ ಅಮ್ಮ ಕೌನ್ಸೆಲಿಂಗ್ ಅನ್ನು ಅರ್ಧಕ್ಕೇ ಬಿಡಿಸುವುದು ಇಲ್ಲೇ. ಕಾಯ್ದೆ ಬಾಗಿಲು ತೆರೆದಿದೆ, ಮಕ್ಕಳು ನಿಂತಿರುವುದು ಇನ್ನೊಂದು ಬಾಗಿಲಲ್ಲಿ. ಇದು ಬದಲಾಗಲೇಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಹಾಗಾಗಿ ಕಂಪನಿಗೆ ಫೋನ್ ಮಾಡಿದಾಗ "ಮಾನಸಿಕ ಕಾಯಿಲೆ ಕವರ್ ಆಗುತ್ತಾ" ಎಂದಷ್ಟೇ ಕೇಳಬೇಡಿ. ಆಗುತ್ತೆ ಎನ್ನುತ್ತಾರೆ, ಅದು ನಿಜವೂ ಹೌದು. "ಓಪಿಡಿ (ಅಡ್ಮಿಟ್ ಆಗದೆ ಹೋಗಿ ಬಂದು ಮಾಡುವ ಚಿಕಿತ್ಸೆ) ಇದೆಯಾ, ಅದರಲ್ಲಿ ಮನೋವೈದ್ಯರ ಫೀಸು, ಕೌನ್ಸೆಲಿಂಗ್ ಎರಡೂ ಸೇರುತ್ತಾ, ವರ್ಷಕ್ಕೆ ಎಷ್ಟು" ಎಂದು ಕೇಳಿ. ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ನೀವು ಕೆಲಸ ಮಾಡುವ ಕಂಪನಿಯ ಗ್ರೂಪ್ ಪಾಲಿಸಿ ಇದ್ದರೆ ಎಚ್‌ಆರ್ ಅವರನ್ನೂ ವಿಚಾರಿಸಿ. ನೌಕರರ ಮನೆಯವರಿಗೂ ಉಚಿತ ಕೌನ್ಸೆಲಿಂಗ್ ಕೊಡುವ ಕಂಪನಿಗಳಿವೆ.

ಪಾಲಿಸಿ ಪುಸ್ತಕವನ್ನೂ ಒಮ್ಮೆ ತೆರೆದು ನೋಡಿ. ಸಣ್ಣ ಅಕ್ಷರದ ಪುಟಗಳಲ್ಲಿ ಕೆಲವು ಕಡೆ ಎಫ್32, ಎಫ್41 ಎಂಬಂಥ ಕೋಡ್‌ಗಳ ಪಟ್ಟಿ ಇರುತ್ತದೆ. ಎಫ್32 ಎಂದರೆ ಖಿನ್ನತೆ, ಎಫ್41 ಎಂದರೆ ಆತಂಕದ ಒಂದು ಗುಂಪು. ಅದರ ಪಕ್ಕದಲ್ಲಿ ಇಂತಿಷ್ಟೇ ಹಣ ಎಂಬ ಮಿತಿ ಇದೆಯಾ ನೋಡಿ. ಕುಡಿತ, ಡ್ರಗ್ಸ್ ಚಟದ ಚಿಕಿತ್ಸೆಯನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಇನ್ನು ಅಡ್ಮಿಟ್ ಆದರೆ, ಅದಕ್ಕೆ ಮುಂಚಿನ ಮತ್ತು ಡಿಸ್ಚಾರ್ಜ್ ನಂತರದ ಕೆಲವು ದಿನಗಳ ಡಾಕ್ಟರ್ ಫೀಸು, ಮಾತ್ರೆಯ ಬಿಲ್ಲೂ ಸೇರುತ್ತವೆ. ಆದ್ದರಿಂದ ಒಂದು ಚೀಟಿಯನ್ನೂ ಬಿಸಾಡಬೇಡಿ.

ಹೊಸ ಪಾಲಿಸಿ ಕೊಳ್ಳುವಾಗ ಕಾಯಿಲೆ ಮುಚ್ಚಿಡಬೇಡಿ. "ಮದುವೆಗೆ ತೊಂದರೆ ಆಗುತ್ತೆ" ಎಂಬ ಭಯ ನನಗೂ ಅರ್ಥವಾಗುತ್ತದೆ. ಆದರೆ ಮುಚ್ಚಿಟ್ಟದ್ದು ಗೊತ್ತಾದರೆ ಕ್ಲೇಮ್ ಹೋಗುತ್ತದೆ. ಹೇಳಿದರೆ ಕಾಯುವ ಅವಧಿ ಹಾಕುತ್ತಾರೆ, ಅಂದರೆ ಅಷ್ಟು ದಿನ ಆ ಕಾಯಿಲೆಗೆ ಹಣ ಸಿಗುವುದಿಲ್ಲ. ಅದು 36 ತಿಂಗಳು ಮೀರುವಂತಿಲ್ಲ ಎಂದು 2024ರಿಂದ ನಿಯಮವಿದೆ.

ಪಾಲಿಸಿಯಲ್ಲಿ ಓಪಿಡಿ ಇಲ್ಲದಿದ್ದರೆ ಖರ್ಚು ಇಳಿಸುವ ದಾರಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ, ಎಲ್ಲ ಕಡೆಯೂ ಖಾಸಗಿಗಿಂತ ತುಂಬಾ ಕಡಿಮೆ ಖರ್ಚು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ಪೂರ್ತಿ ಉಚಿತ. ಮಗಳಿಗೆ ಈ ನಂಬರ್ ಕೊಟ್ಟಿರಿ.

ಅಡ್ಮಿಟ್ ಆದ ಕ್ಲೇಮನ್ನೇ ತಳ್ಳಿಹಾಕಿದರೆ ಸುಮ್ನೆ ಬಿಡಬೇಡಿ. ಕಾರಣವನ್ನು ಬರಹದಲ್ಲಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, 21ನೇ ಸೆಕ್ಷನ್ ಹೆಸರು ಹೇಳಿ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ, ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಬೆಂಗಳೂರಿನಲ್ಲೇ ಕಚೇರಿ ಇದೆ. ಫೀಸು ಇಲ್ಲ, ವಕೀಲರೂ ಬೇಕಿಲ್ಲ.