ಆ್ಯಪ್ ಬೇಡ ಅಂತ ಫೋನ್ ಯಾಕೆ ಹೇಳುತ್ತದೆ?

ಆಂಡ್ರಾಯ್ಡ್ ಫೋನಿಗೆ ಹೊಸ ಆ್ಯಪ್ ಹಾಕುವುದು ಎಲ್ಲ ಸರಿ ಇದ್ದರೆ ಕೆಲವೇ ಸೆಕೆಂಡುಗಳ ಕೆಲಸ. ಏನೋ ಸರಿ ಇಲ್ಲದಿದ್ದರೆ ಒಂದೇ ಸಾಲು ಕಾಣಿಸುತ್ತದೆ: ‘ಆ್ಯಪ್ ಇನ್‌ಸ್ಟಾಲ್ ಆಗಿಲ್ಲ’. ಯಾಕೆ ಆಗಿಲ್ಲ ಅಂತ ಇರುವುದಿಲ್ಲ. ಜನ ಮತ್ತೆ ಮತ್ತೆ ಒತ್ತುತ್ತಾರೆ. ಫೋನ್ ಆಫ್ ಮಾಡಿ ಆನ್ ಮಾಡುತ್ತಾರೆ. ಕೊನೆಗೆ ಮೊಬೈಲ್ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಯಾರಾದರೂ ‘ರೀಸೆಟ್ ಹೊಡೆದುಬಿಡಿ’ ಅಂದರೆ ಫೋಟೊ, ಮೆಸೇಜು, ಕಾಂಟ್ಯಾಕ್ಟು ಎಲ್ಲ ಹೋಗಬಹುದು. ಒಂದು ಆ್ಯಪ್‌ಗಾಗಿ ಇಷ್ಟೆಲ್ಲ ಕಳೆದುಕೊಳ್ಳಬೇಕಾದ ಸಂದರ್ಭ ತೀರಾ ಅಪರೂಪ.

ನಿಜ ಹೇಳಬೇಕೆಂದರೆ ಕಾರಣ ಏನು ಅಂತ ಫೋನಿಗೆ ಗೊತ್ತಿರುತ್ತದೆ. ಆಂಡ್ರಾಯ್ಡ್ ಒಳಗೆ ಪ್ಯಾಕೇಜ್ ಮ್ಯಾನೇಜರ್ ಎಂಬ ಭಾಗವಿದೆ. ಬಂದ ಆ್ಯಪನ್ನು ಒಳಗೆ ಬಿಡಬೇಕೋ ಬೇಡವೋ ಅಂತ ತೀರ್ಮಾನಿಸುವುದು ಅದೇ. ಬೇಡ ಅನ್ನುವಾಗ ಕಾರಣವನ್ನೂ ಅದು ಗುರುತಿಸಿಕೊಳ್ಳುತ್ತದೆ. ಜಾಗ ಸಾಲದು, ಸಹಿ ಹೊಂದುತ್ತಿಲ್ಲ, ಆಂಡ್ರಾಯ್ಡ್ ಹಳೆಯದು, ಪ್ರೊಸೆಸರ್ ಬೇರೆ, ಹೀಗೆ ಒಂದೊಂದಕ್ಕೂ ಒಂದೊಂದು ಹೆಸರಿದೆ. ಆ್ಯಪ್ ತಯಾರಿಸುವವರು ಫೋನನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಎಡಿಬಿ ಎಂಬ ಸಾಧನದಿಂದ ಇನ್‌ಸ್ಟಾಲ್ ಮಾಡಿದರೆ ಆ ಹೆಸರು ಅವರಿಗೆ ಕಾಣಿಸುತ್ತದೆ. ನಮಗೆ ಕಾಣಿಸುವುದಿಲ್ಲ. ಇದು ಸರಿಯಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ. ಗೊತ್ತಿರುವ ಕಾರಣವನ್ನು ಬಳಸುವವರಿಗೂ ಹೇಳಬೇಕು, ಕನ್ನಡದಲ್ಲೂ ಹೇಳಬೇಕು. ಅದು ಆಗುವವರೆಗೆ, ಒಳಗೆ ಏನು ನಡೆಯುತ್ತದೆ ಅಂತ ನಾವೇ ತಿಳಿದುಕೊಂಡರೆ ಕಾರಣ ಹುಡುಕುವುದು ಅಷ್ಟೇನೂ ಕಷ್ಟವಲ್ಲ.

ಮೊದಲು ಆ್ಯಪ್ ಅಂದರೆ ಏನು ಅಂತ ನೋಡೋಣ. ಫೋನಿಗೆ ಇಳಿಯುವ ಎಪಿಕೆ ಫೈಲು ಒಂದು ಜಿಪ್ ಫೈಲ್. 1989ರಲ್ಲಿ ಅಮೆರಿಕದ ಫಿಲ್ ಕಾಟ್ಜ್ ರೂಪಿಸಿದ ಅದೇ ಜಿಪ್. ಅದರೊಳಗೆ ಆ್ಯಪ್‌ನ ಕೋಡ್, ಚಿತ್ರಗಳು ಮತ್ತು ಮ್ಯಾನಿಫೆಸ್ಟ್ ಎಂಬ ವಿವರಪಟ್ಟಿ ಇರುತ್ತವೆ. ಆ್ಯಪ್‌ನ ಹೆಸರು, ಆವೃತ್ತಿ ಸಂಖ್ಯೆ, ಕನಿಷ್ಠ ಯಾವ ಆಂಡ್ರಾಯ್ಡ್ ಬೇಕು, ಯಾವ ಯಾವ ಅನುಮತಿ ಬೇಕು ಎಂಬುದೆಲ್ಲ ಆ ಪಟ್ಟಿಯಲ್ಲಿದೆ. ಜಿಪ್ ಫೈಲಿನ ಒಂದು ವಿಶೇಷ ಇಲ್ಲಿ ಮುಖ್ಯ. ಒಳಗೆ ಏನೇನು ಎಲ್ಲೆಲ್ಲಿದೆ ಎಂಬ ಸೂಚಿ ಫೈಲಿನ ಕೊನೆಯಲ್ಲಿರುತ್ತದೆ. ಪರಿವಿಡಿಯನ್ನು ಕೊನೆಯ ಪುಟದಲ್ಲಿ ಅಚ್ಚು ಹಾಕಿದ ಪುಸ್ತಕ ಇದ್ದ ಹಾಗೆ. ನೆಟ್‌ವರ್ಕ್ ಕೈಕೊಟ್ಟು ಡೌನ್‌ಲೋಡ್ ಮಧ್ಯದಲ್ಲೇ ನಿಂತಿತು ಅಂದುಕೊಳ್ಳಿ. 100 ಎಂಬಿಯಲ್ಲಿ 99 ಎಂಬಿ ಬಂದಿದ್ದರೂ ಕೊನೆಯ ಆ ತುಣುಕು ಬಂದಿಲ್ಲದಿದ್ದರೆ ಫೋನಿಗೆ ಅದು ಓದಲಾಗದ ಫೈಲು. ಪ್ಯಾಕೇಜನ್ನು ‘ಪಾರ್ಸ್’ ಮಾಡಲು ಆಗುತ್ತಿಲ್ಲ ಎಂಬ ಸಂದೇಶಕ್ಕೆ ಇದು ಒಂದು ಸಾಮಾನ್ಯ ಕಾರಣ. ಫೈಲನ್ನು ಅಳಿಸಿ, ಮೂಲ ಜಾಗದಿಂದಲೇ ಇನ್ನೊಮ್ಮೆ ಇಳಿಸಿಕೊಂಡರೆ ಸರಿಹೋಗುತ್ತದೆ. ಫೋನಿನ ಆಂಡ್ರಾಯ್ಡ್ ತೀರಾ ಹಳೆಯದಾಗಿದ್ದರೂ ಇದೇ ಸಂದೇಶ ಬರಬಹುದು. ಹೊಸದಾಗಿ ಇಳಿಸಿಕೊಂಡ ಮೇಲೂ ಬಂದರೆ ಆ ಕಡೆ ಗಮನ ಕೊಡಿ.

ಫೈಲು ಪೂರ್ತಿ ಬಂತು, ಓದಲೂ ಆಯಿತು. ಮುಂದಿನದು ಸಹಿ. ಇನ್‌ಸ್ಟಾಲ್ ವಿಚಾರದಲ್ಲಿ ಜಾಸ್ತಿ ಗೊಂದಲ ಹುಟ್ಟಿಸುವುದೂ ಇದೇ, ನಮ್ಮನ್ನು ಜಾಸ್ತಿ ಕಾಯುವುದೂ ಇದೇ.

ಆ್ಯಪ್ ತಯಾರಿಸಿದವರ ಬಳಿ ಒಂದು ಗುಟ್ಟಿನ ಕೀ ಇರುತ್ತದೆ. ಅದು ಒಂದು ಬಹಳ ದೊಡ್ಡ ಸಂಖ್ಯೆ. ಫೈಲಿನ ಎಲ್ಲ ಬೈಟುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹ್ಯಾಶ್ ಎಂಬ ಚಿಕ್ಕ ಗುರುತನ್ನು ಮೊದಲು ತೆಗೆಯುತ್ತಾರೆ. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಆ ಹ್ಯಾಶ್‌ಗೆ ಗುಟ್ಟಿನ ಕೀ ಬಳಸಿ ಸಹಿ ಹಾಕುತ್ತಾರೆ. ಸಹಿಯನ್ನು ಪರೀಕ್ಷಿಸಲು ಬೇಕಾದ ಇನ್ನೊಂದು ಕೀ, ಎಲ್ಲರೂ ನೋಡಬಹುದಾದದ್ದು, ಎಪಿಕೆ ಜೊತೆಗೇ ಬರುತ್ತದೆ. ಫೋನು ತಾನೇ ಹ್ಯಾಶ್ ಲೆಕ್ಕ ಹಾಕಿ, ಸಹಿಯ ಜೊತೆ ಹೋಲಿಸುತ್ತದೆ. ಹೊಂದದಿದ್ದರೆ ಆ ಎಪಿಕೆ ಒಳಗೆ ಬರುವುದಿಲ್ಲ.

ಈ ಸಹಿ ‘ಇವರು ಒಳ್ಳೆಯವರು’ ಅಂತ ಪ್ರಮಾಣಪತ್ರ ಕೊಡುವುದಿಲ್ಲ. ಯಾರು ಬೇಕಾದರೂ ತಮ್ಮ ಮನೆಯಲ್ಲೇ ಒಂದು ಕೀ ಮಾಡಿಕೊಂಡು ಸಹಿ ಹಾಕಬಹುದು. ಅದು ಹೇಳುವುದು ಎರಡೇ ಸಂಗತಿ. ಸಹಿಯಾದ ಮೇಲೆ ಫೈಲನ್ನು ಯಾರೂ ತಿದ್ದಿಲ್ಲ ಎಂಬುದು ಒಂದು. ಹೋದ ಸಲ ಈ ಆ್ಯಪ್ ಕೊಟ್ಟವರೇ ಈ ಸಲವೂ ಕೊಟ್ಟಿದ್ದಾರೆ ಎಂಬುದು ಇನ್ನೊಂದು. ಎರಡನೆಯದರ ಬೆಲೆ ದೊಡ್ಡದು. ನಿಮ್ಮ ಫೋನಿನಲ್ಲಿರುವ ಬ್ಯಾಂಕ್ ಆ್ಯಪ್‌ಗೆ ಕಳ್ಳನೊಬ್ಬ ಅದೇ ಹೆಸರಿನ ‘ಅಪ್‌ಡೇಟ್’ ಕಳಿಸಿದ ಅಂದುಕೊಳ್ಳಿ. ಅದು ಹಳೆಯದರ ಮೇಲೆ ಕೂತರೆ ಹಳೆಯ ಆ್ಯಪ್ ಕೂಡಿಟ್ಟ ಮಾಹಿತಿಯೆಲ್ಲ ಅವನ ಕೈಗೆ ಸಿಗುತ್ತದೆ. ಅವನ ಬಳಿ ಬ್ಯಾಂಕಿನ ಕೀ ಇಲ್ಲ. ಆದ್ದರಿಂದ ಫೋನ್ ಬಿಡುವುದಿಲ್ಲ.

ಈ ವ್ಯವಸ್ಥೆಯಲ್ಲೂ ಬಿರುಕು ಕಂಡದ್ದುಂಟು. ಮೊದಲಿನ ಸಹಿ ಪದ್ಧತಿ ಜಿಪ್ ಒಳಗಿನ ಫೈಲುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿತ್ತು, ಇಡೀ ಎಪಿಕೆಯನ್ನಲ್ಲ. ಜಿಪ್‌ನ ಸೂಚಿ ಕೊನೆಯಲ್ಲಿರುತ್ತದೆ ಅಂದೆನಲ್ಲ? ಆಂಡ್ರಾಯ್ಡ್ ಓಡಿಸುವ ಡೆಕ್ಸ್ ಎಂಬ ಕೋಡ್ ಫೈಲಿನ ಗುರುತು ಇರುವುದು ಮೊದಲಲ್ಲಿ. ಹಾಗಾಗಿ ಸಹಿಯಾದ ಎಪಿಕೆಯ ಮುಂದೆ ಕೆಟ್ಟ ಡೆಕ್ಸ್ ಒಂದನ್ನು ಅಂಟಿಸಿದರೆ, ಕೊನೆಯಿಂದ ಓದುವ ಪರೀಕ್ಷೆಗೆ ಅದು ಸರಿಯಾದ ಎಪಿಕೆ. ಮೊದಲಿನಿಂದ ಓದಿ ಓಡಿಸುವ ಭಾಗಕ್ಕೆ ಅದು ಡೆಕ್ಸ್. ಜೇನಸ್ ಎಂಬ ಹೆಸರಿನ ಈ ದೋಷ 2017ರಲ್ಲಿ ಬೆಳಕಿಗೆ ಬಂತು. ಆ ವರ್ಷದ ಡಿಸೆಂಬರಿನ ಭದ್ರತಾ ಅಪ್‌ಡೇಟ್‌ನಲ್ಲಿ ಅದನ್ನು ಸರಿಪಡಿಸಿದರು. 2016ರ ಆಂಡ್ರಾಯ್ಡ್ 7 ತಂದ ಹೊಸ ಸಹಿ ಪದ್ಧತಿ ಇಡೀ ಫೈಲನ್ನು ಒಟ್ಟಿಗೆ ಪರೀಕ್ಷಿಸುತ್ತದೆ. ಅಲ್ಲಿ ಈ ಆಟ ನಡೆಯುವುದಿಲ್ಲ.

ಕೆಟ್ಟ ಉದ್ದೇಶ ಇಲ್ಲದೆಯೂ ಸಹಿ ಬೇರೆಯಾಗಬಹುದು. ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶಗಳ ತಾಣ ಹೆಚ್ಚಿನ ಆ್ಯಪ್‌ಗಳನ್ನು ಮೂಲ ಕೋಡ್‌ನಿಂದ ತಾನೇ ತಯಾರಿಸಿ ತನ್ನದೇ ಕೀಯಿಂದ ಸಹಿ ಹಾಕುತ್ತದೆ. ಅಲ್ಲಿಂದ ಹಾಕಿಕೊಂಡ ಆ್ಯಪ್ ಮೇಲೆ ಪ್ಲೇ ಸ್ಟೋರ್‌ನ ಅದೇ ಆ್ಯಪ್ ಸಾಮಾನ್ಯವಾಗಿ ಕೂರುವುದಿಲ್ಲ. ಹಳೆಯದನ್ನು ತೆಗೆದು ಹೊಸದನ್ನು ಹಾಕುವುದೊಂದೇ ದಾರಿ. ಇಲ್ಲಿ ದಯವಿಟ್ಟು ಒಂದು ನಿಮಿಷ ನಿಲ್ಲಿ. ಆ್ಯಪ್ ತೆಗೆದರೆ ಫೋನಿನಲ್ಲಿ ಅದು ಕೂಡಿಟ್ಟ ಮಾಹಿತಿಯೂ ಹೋಗುತ್ತದೆ. ಟಿಪ್ಪಣಿ, ಲೆಕ್ಕ, ಚಾಟ್ ಏನೇ ಇರಲಿ, ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಇನ್ನು ಕೆಲವೊಮ್ಮೆ ಹಳೆಯ ಆ್ಯಪ್ ತೆಗೆದಾಗಿದೆ ಅಂದುಕೊಂಡಿರುತ್ತೇವೆ, ಆದರೂ ಸಹಿ ಹೊಂದುತ್ತಿಲ್ಲ ಅಂತ ಫೋನ್ ಹಟ ಹಿಡಿಯುತ್ತದೆ. ಒಂದೇ ಆ್ಯಪ್‌ನ ಎರಡು ಪ್ರತಿ ಇಡುವ ಡ್ಯುಯಲ್ ಆ್ಯಪ್, ಎರಡನೇ ಬಳಕೆದಾರ, ಆಫೀಸಿನ ವರ್ಕ್ ಪ್ರೊಫೈಲ್, ಇವುಗಳಲ್ಲಿ ಎಲ್ಲೋ ಅದರ ಇನ್ನೊಂದು ಪ್ರತಿ ಉಳಿದಿರುತ್ತದೆ. ಅಲ್ಲಿಂದಲೂ ತೆಗೆದರೆ ದಾರಿ ಬಿಡುತ್ತದೆ.

ಹೊಸ ಆವೃತ್ತಿ ಇರುವಾಗ ಹಳೆಯದನ್ನು ಅದರ ಮೇಲೆ ಹಾಕಲು ಹೋದರೂ ಫೋನ್ ತಡೆಯುತ್ತದೆ. ಹೊಸದರಲ್ಲಿ ಮುಚ್ಚಿದ್ದ ಭದ್ರತೆಯ ತೂತು ಮತ್ತೆ ತೆರೆದುಕೊಳ್ಳಬಾರದಲ್ವಾ?

ಸ್ನೇಹಿತರಿಂದ ಎಪಿಕೆ ತೆಗೆದುಕೊಳ್ಳುವವರಿಗೆ ಇನ್ನೊಂದು ತೊಂದರೆ ಇದೆ. ‘ಅವನ ಫೋನಲ್ಲಿ ಚೆನ್ನಾಗಿ ಓಡುತ್ತೆ, ನನ್ನದರಲ್ಲಿ ಯಾಕಿಲ್ಲ?’ ಅಂತ ಕೇಳುತ್ತಾರೆ. 2021ರ ಆಗಸ್ಟ್‌ನಿಂದ ಪ್ಲೇ ಸ್ಟೋರ್‌ಗೆ ಹೊಸ ಆ್ಯಪ್‌ಗಳು ಆ್ಯಪ್ ಬಂಡಲ್ ಎಂಬ ರೂಪದಲ್ಲೇ ಹೋಗಬೇಕು. ಬಂಡಲ್‌ನಿಂದ ಗೂಗಲ್ ಒಂದೊಂದು ಫೋನಿಗೂ ಬೇಕಾದ ತುಂಡುಗಳನ್ನಷ್ಟೇ ಆರಿಸಿ ಕಳಿಸುತ್ತದೆ. ಎಲ್ಲರಿಗೂ ಬೇಕಾದ ಮೂಲ ತುಂಡು ಒಂದು. ನಿಮ್ಮ ಪ್ರೊಸೆಸರಿಗೆ ಒಂದು, ಪರದೆಯ ಪಿಕ್ಸೆಲ್ ದಟ್ಟಣೆಗೆ ಒಂದು, ಭಾಷೆಗೆ ಒಂದು. ನೀವು ಫೋನಿನ ಭಾಷೆಯಾಗಿ ಕನ್ನಡ ಇಟ್ಟುಕೊಂಡಿದ್ದು, ಆ್ಯಪ್‌ನಲ್ಲೂ ಕನ್ನಡ ಇದ್ದರೆ, ಕನ್ನಡದ ತುಂಡು ನಿಮಗೆ ಬರುತ್ತದೆ. ಕನ್ನಡ ಆರಿಸದವರಿಗೆ ಬರುವುದಿಲ್ಲ. ಇದರಿಂದ ಡೇಟಾ ಉಳಿಯುತ್ತದೆ, ಜಾಗವೂ ಉಳಿಯುತ್ತದೆ. ಆದರೆ ಸ್ನೇಹಿತ ಮೂಲ ತುಂಡನ್ನು ಮಾತ್ರ ಕಳಿಸಿದರೆ ನಿಮ್ಮಲ್ಲಿ ಉಳಿದದ್ದು ಇಲ್ಲ. ಎಲ್ಲ ತುಂಡುಗಳನ್ನು ಕಳಿಸಿದರೂ ಅವು ಅವನ ಫೋನಿಗೆ ಹೊಂದುವಂಥವು. ಜೊತೆಗೆ, ಕಡಿಮೆ ಬೆಲೆಯ ಹಲವು ಫೋನುಗಳಲ್ಲಿ ಚಿಪ್ 64 ಬಿಟ್‌ನದಾಗಿದ್ದರೂ ಮೆಮೊರಿ ಉಳಿಸಲು 32 ಬಿಟ್ ಆಂಡ್ರಾಯ್ಡ್ ಹಾಕಿರುತ್ತಾರೆ. 64 ಬಿಟ್‌ಗೆ ಮಾತ್ರ ತಯಾರಾದ ಆ್ಯಪ್ ಅಲ್ಲಿ ಓಡದು. ಇದಕ್ಕೆಲ್ಲ ಪರಿಹಾರ ಸರಳ. ಆ್ಯಪ್ ಪ್ಲೇ ಸ್ಟೋರ್‌ನಲ್ಲಿ ಸಿಗುವುದಾದರೆ ಅಲ್ಲಿಂದಲೇ ಹಾಕಿಕೊಳ್ಳಿ, ಸರಿಯಾದ ತುಂಡುಗಳು ತಾನಾಗಿ ಬರುತ್ತವೆ.

ಪ್ಲೇ ಸ್ಟೋರ್‌ನಲ್ಲೇ ‘ಪೆಂಡಿಂಗ್’ ಅಂತ ನಿಂತುಬಿಟ್ಟರೆ? ಬಹಳ ಸಲ ಅದರ ಮುಂದೆ ಬೇರೆ ಆ್ಯಪ್‌ಗಳ ಅಪ್‌ಡೇಟ್ ಸಾಲಿನಲ್ಲಿರುತ್ತದೆ, ಇಲ್ಲವೇ ‘ವೈ-ಫೈ ಇದ್ದಾಗ ಮಾತ್ರ’ ಎಂಬ ಆಯ್ಕೆ ಒತ್ತಿರುತ್ತದೆ. ಸಾಲನ್ನು ನಿಲ್ಲಿಸಿ ನಿಮಗೆ ಬೇಕಾದದ್ದನ್ನು ಮೊದಲು ಬಿಡಿ. ಅದಕ್ಕೂ ಬಗ್ಗದಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಪ್ಲೇ ಸ್ಟೋರ್‌ನ ಕ್ಯಾಶೆ, ಅಂದರೆ ಅದು ತಾತ್ಕಾಲಿಕವಾಗಿ ಕೂಡಿಟ್ಟ ಫೈಲುಗಳನ್ನು, ಅಳಿಸಿ. ಅದರಿಂದ ಈಗಾಗಲೇ ಇರುವ ಆ್ಯಪ್‌ಗಳಿಗೆ ಏನೂ ಆಗುವುದಿಲ್ಲ.

ಜಾಗದ ಲೆಕ್ಕ ಮಾತ್ರ ಜನ ಅಂದುಕೊಂಡ ಹಾಗಿಲ್ಲ. 100 ಎಂಬಿ ಆ್ಯಪ್‌ಗೆ 100 ಎಂಬಿ ಜಾಗ ಸಾಲದು. ಇಳಿಸಿಕೊಂಡ ಫೈಲಿಗೆ ಜಾಗ ಬೇಕು, ಕೋಡನ್ನು ಫೋನಿಗೆ ಹೊಂದಿಸಿ ಇಟ್ಟುಕೊಳ್ಳಲು ಜಾಗ ಬೇಕು. ಅಪ್‌ಡೇಟ್ ಆದರೆ ಹೊಸದು ಸಿದ್ಧವಾಗುವವರೆಗೆ ಹಳೆಯದೂ ಇರಲೇಬೇಕು. ಇದರ ಮೇಲೆ ಆಂಡ್ರಾಯ್ಡ್ ತನ್ನ ಕೆಲಸಕ್ಕೆ ಸ್ವಲ್ಪ ಜಾಗ ಉಳಿಸಿಕೊಳ್ಳುತ್ತದೆ. ಮೂಲ ಆಂಡ್ರಾಯ್ಡ್‌ನಲ್ಲಿ ಅದು ಒಟ್ಟು ಜಾಗದ 5 ಶೇಕಡ ಅಥವಾ 500 ಎಂಬಿ, ಯಾವುದು ಕಡಿಮೆಯೋ ಅದು. ಹಾಗಾಗಿ 600 ಎಂಬಿ ಖಾಲಿ ಇದೆ ಅಂತ ಕಂಡರೂ ಬಳಸಲು ಸಿಗುವುದು ಸುಮಾರು 100 ಮಾತ್ರ. ಫೋಟೊ ಅಳಿಸಿದ ಮೇಲೂ ಜಾಗ ಆಗಲಿಲ್ಲ ಅಂದರೆ ಗ್ಯಾಲರಿಯ ಕಸದ ಬುಟ್ಟಿ ನೋಡಿ. ಅಳಿಸಿದ್ದು ಸಾಮಾನ್ಯವಾಗಿ 30 ದಿನ ಅಲ್ಲೇ ಇರುತ್ತದೆ.

ತಾರೀಖು ತಪ್ಪಿದ್ದರೂ ಆ್ಯಪ್ ಇಳಿಯುವುದಿಲ್ಲ ಅಂದರೆ ಹಲವರು ನಂಬುವುದಿಲ್ಲ. ಬ್ಯಾಟರಿ ಪೂರ್ತಿ ಖಾಲಿಯಾಗಿ ಬಹಳ ದಿನ ಬಿದ್ದಿದ್ದ ಫೋನ್ ಯಾವುದೋ ಹಳೆಯ ವರ್ಷದಲ್ಲಿ ಎಚ್ಚರಗೊಳ್ಳಬಹುದು. ಸರ್ವರ್ ಜೊತೆ ಮಾತಾಡುವ ಮೊದಲು ಫೋನು ಅದರ ಪ್ರಮಾಣಪತ್ರ ನೋಡುತ್ತದೆ. ಯಾವ ದಿನದಿಂದ ಯಾವ ದಿನದವರೆಗೆ ನಡೆಯುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. ಫೋನಿನ ಪಾಲಿಗೆ ಆ ದಿನ ಇನ್ನೂ ಬಂದೇ ಇಲ್ಲ. ಅದು ಸಂಪರ್ಕವನ್ನೇ ಕಡಿದುಬಿಡುತ್ತದೆ. ತಾರೀಖು ಮತ್ತು ಸಮಯವನ್ನು ‘ಆಟೊಮ್ಯಾಟಿಕ್’ಗೆ ಇಟ್ಟರೆ ಮುಗಿಯಿತು.

ಐಫೋನ್‌ನಲ್ಲಿ ಎಪಿಕೆ ಗೊಡವೆ ಇಲ್ಲ. ಅಲ್ಲಿ ಸಾಮಾನ್ಯ ಕಾರಣಗಳು ಜಾಗ, ಹಳೆಯ ಐಒಎಸ್, ಮತ್ತು ಆ್ಯಪಲ್ ಖಾತೆಯಲ್ಲಿ ಉಳಿದ ಬಾಕಿ. ಬಾಕಿ ಇದ್ದರೆ ಉಚಿತ ಆ್ಯಪ್ ಕೂಡ ಇಳಿಯದೇ ಇರಬಹುದು.

ಕೊನೆಯದಾಗಿ, ಫೋನ್ ಬೇಕೆಂದೇ ತಡೆಯುವ ಸಂದರ್ಭ. ಆಂಡ್ರಾಯ್ಡ್ 6ಕ್ಕಿಂತ ಹಳೆಯ ಪದ್ಧತಿಗೆ ಬರೆದ ಆ್ಯಪ್‌ಗಳು ಇನ್‌ಸ್ಟಾಲ್ ಆಗುವಾಗಲೇ ಎಲ್ಲ ಅನುಮತಿಗಳನ್ನೂ ಒಟ್ಟಿಗೆ ಪಡೆಯುತ್ತಿದ್ದವು. ಕ್ಯಾಮೆರಾ, ಮೆಸೇಜು ಅಂತ ಒಂದೊಂದಕ್ಕೂ ಕೇಳುವ ಕ್ರಮ ಬಂದದ್ದು 2015ರ ಆಂಡ್ರಾಯ್ಡ್ 6ರಲ್ಲಿ. ಅದನ್ನು ತಪ್ಪಿಸಿಕೊಳ್ಳಲು ಕೆಟ್ಟ ಆ್ಯಪ್‌ಗಳನ್ನು ಬೇಕೆಂದೇ ಹಳೆಯ ಪದ್ಧತಿಗೆ ಬರೆಯುತ್ತಿದ್ದರು. 2023ರ ಆಂಡ್ರಾಯ್ಡ್ 14 ಅಂಥ ಆ್ಯಪ್‌ಗಳನ್ನು ಹಾಕಲು ಬಿಡುವುದೇ ಇಲ್ಲ. ಹಳೆಯ ಒಂದು ಒಳ್ಳೆಯ ಆಟವೂ ಇದರಲ್ಲಿ ಸಿಕ್ಕಿಬೀಳಬಹುದು, ಬೇಸರದ ಸಂಗತಿಯೇ. ಆದರೂ ನಿರ್ಧಾರ ಸರಿ ಅಂತ ನನ್ನ ಅಭಿಪ್ರಾಯ.

ಯಾಕೆಂದರೆ ಈಗ ನಮ್ಮಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆಗಳನ್ನು ನೋಡಿ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಬ್ಯಾಂಕಿನ ಕೆವೈಸಿ, ಇಂಥ ಹೆಸರು ಹೊತ್ತು ಬರುತ್ತವೆ. ಗುರುತಿನವರ ನಂಬರಿನಿಂದಲೇ ಬರುವುದೂ ಉಂಟು, ಏಕೆಂದರೆ ಅವರ ಫೋನು ಆಗಲೇ ಕಳ್ಳರ ಕೈಯಲ್ಲಿರುತ್ತದೆ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರಬೇಕೇ ಹೊರತು ಎಪಿಕೆಯಾಗಿ ಬರುವ ಅಗತ್ಯವೇ ಇಲ್ಲ. ಇವಕ್ಕೆ ಬೇಕಾಗಿರುವುದು ನಿಮ್ಮ ಮೆಸೇಜು ಓದುವ ಅನುಮತಿ, ಅಂದರೆ ಬ್ಯಾಂಕಿನ ಒಟಿಪಿ. 2017ರ ಆಂಡ್ರಾಯ್ಡ್ 8ರಿಂದ, ಹೊರಗಿನ ಆ್ಯಪ್ ಹಾಕುವ ಅನುಮತಿಯನ್ನು ವಾಟ್ಸ್‌ಆ್ಯಪ್, ಬ್ರೌಸರ್ ಹೀಗೆ ಒಂದೊಂದಕ್ಕೂ ಬೇರೆಬೇರೆಯಾಗಿ ಕೊಡಬೇಕು. ಫೋನಿನ ಆ್ಯಪ್‌ಗಳಲ್ಲಿ ಕೆಟ್ಟವನ್ನು ಹುಡುಕುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ 2024ರಲ್ಲಿ ಇನ್ನೊಂದು ತಡೆ ತಂದಿತು. ಮೊದಲು ಸಿಂಗಪುರ, ಆಮೇಲೆ ಭಾರತ. ಬ್ರೌಸರ್ ಅಥವಾ ಮೆಸೇಜಿಂಗ್ ಆ್ಯಪ್ ಮೂಲಕ ಬಂದ ಎಪಿಕೆಯು ಎಸ್ಎಂಎಸ್, ನೋಟಿಫಿಕೇಶನ್ ಅಥವಾ ಆ್ಯಕ್ಸೆಸಿಬಿಲಿಟಿ (ಪರದೆಯನ್ನು ಓದಿ ನಮ್ಮ ಪರವಾಗಿ ಒತ್ತುವ) ಅನುಮತಿ ಕೇಳುವಂಥದ್ದಾದರೆ ಅದನ್ನು ತಡೆಯುತ್ತದೆ. ಫೋನ್ ಮಾಡಿ ‘ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ, ಆಗ ಇನ್‌ಸ್ಟಾಲ್ ಆಗುತ್ತೆ’ ಅಂತ ಯಾರಾದರೂ ದಾರಿ ಹೇಳಿಕೊಟ್ಟರೆ ಅಲ್ಲೇ ಫೋನ್ ಇಟ್ಟುಬಿಡಿ.

ಈಗಾಗಲೇ ಹಾಕಿಕೊಂಡುಬಿಟ್ಟಿದ್ದರೆ ಮೊದಲು ಇಂಟರ್‌ನೆಟ್ ಮತ್ತು ನೆಟ್‌ವರ್ಕ್ ಎರಡೂ ಕಡಿಯುವಂತೆ ಏರೋಪ್ಲೇನ್ ಮೋಡ್ ಹಾಕಿ, ವೈ-ಫೈಯೂ ಆಫ್ ಆಗಿದೆಯೇ ನೋಡಿ. ಇಂಥ ಆ್ಯಪ್‌ಗಳು ತಮ್ಮ ಐಕಾನ್ ಅಡಗಿಸುತ್ತವೆ. ಹಾಗಾಗಿ ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಹುಡುಕಬೇಕು. ತೆಗೆಯಲು ಬಿಡದಿದ್ದರೆ ಫೋನನ್ನು ಸೇಫ್ ಮೋಡ್‌ನಲ್ಲಿ ಶುರು ಮಾಡಿ. ಅಲ್ಲಿ ನಾವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿರುವ, ಫೋನ್ ನಿಯಂತ್ರಿಸುವ ಅಧಿಕಾರ ಪಡೆದ ಆ್ಯಪ್‌ಗಳ ‘ಡಿವೈಸ್ ಅಡ್ಮಿನ್’ ಪಟ್ಟಿಯಲ್ಲಿ ಅದಕ್ಕೆ ಕೊಟ್ಟ ಅಧಿಕಾರ ಹಿಂದಕ್ಕೆ ಪಡೆದು, ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ. ಇದು ನಡೆಯುತ್ತಿರುವಾಗಲೇ ಮನೆಯವರ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ. ಹಣ ಹೋಗಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಿ. ಹಣ ಇನ್ನೊಂದು ಖಾತೆಯಿಂದ ಮುಂದಕ್ಕೆ ಹೋಗುವ ಮೊದಲೇ ತಿಳಿಸಿದರೆ ಅದನ್ನು ಅಲ್ಲೇ ಹಿಡಿದು ನಿಲ್ಲಿಸುವ ಅವಕಾಶ ಜಾಸ್ತಿ.